ಗೌರತ್ತೆ ಸಂತೆಗೆ ಹೋದದ್ದು

ನಿನ್ನೆ ಮಗ ಕಲಬುರಗಿಯಿಂದ ಬರುವಾಗ ಖಡಕ್ ರೊಟ್ಟಿಯ ಕಟ್ಟೊಂದನ್ನು ತಂದ. ಪ್ಲಾಸ್ಟಿಕ್ ಚೀಲದ ಮೇಲೆ ಅಂಗಡಿಯ ಹೆಸರು ಬಣ್ಣಬಣ್ಣವಾಗಿತ್ತು. ಬಿಚ್ಚಿ ಒಂದನ್ನು ಮುರಿದೆ. ಟಪ್ಪೆಂದಿತು. ನನ್ನ ಬಾಯಲ್ಲಿ ಈಗ ಹಲ್ಲೆಂಬುವು ಹೆಸರಿಗಷ್ಟೇ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಮುದ್ದೆಯಾದ ಮೇಲೆಯೇ ತಿನ್ನುವುದು. ಹಾಗೆ ತಿನ್ನುವವಳಿಗೆ ಅದು ಖಡಕ್ಕಾಗಿದ್ದರೇನು, ಮೆತ್ತಗಿದ್ದರೇನು? ಆದರೂ ಆ ಸದ್ದು ಕೇಳಿದರೆ ಗೌರತ್ತೆ ಪಕ್ಕದಲ್ಲೇ ಬಂದು ಕೂತಂತಾಗುತ್ತದೆ. ನಿಮಗೆ ಪುರುಸೊತ್ತಿದ್ದರೆ ಆಕೆಯ ಮಾತು ನಾಲ್ಕು ಹೇಳುತ್ತೇನೆ.

ಗೌರತ್ತೆ ನನ್ನ ಮಾವನ ತಂಗಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಮಣ್ಣೂರಿನ ತವರಿಗೆ ಮರಳಿದ್ದಳು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಿಜಾಮರ ಕಾಲ, ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಮ್ಮೂರಿಗೆ ಅದು ತಟ್ಟಿದ್ದು ಚಿಮಣಿ ಎಣ್ಣೆ ಸಿಗದಾದಾಗ, ಬೆಳೆದ ಜೋಳದಲ್ಲಿ ಸರಕಾರಕ್ಕೆ ಲೆವಿಯ ಪಾಲು ಕೊಡಬೇಕೆಂದು ಕಚೇರಿಯವರು ಬಾಗಿಲಿಗೆ ಬಂದಾಗ. ಅತ್ತೆ ತೀರಿಹೋಗಿದ್ದರು. ಮನೆಯಲ್ಲಿ ಇದ್ದವರು ಮಾವ, ನನ್ನ ಗಂಡ, ಗೌರತ್ತೆ ಮತ್ತು ನಾನು. ಮಾವ ಸಿಟ್ಟಿನ ಮನುಷ್ಯರು. ನನ್ನ ಗಂಡ ಅವರೆದುರು ಬಾಯಿ ತೆರೆಯುತ್ತಿದ್ದುದು ಆಕಳಿಸುವುದಕ್ಕೆ ಮಾತ್ರ.

ಅಡುಗೆ ಮನೆಗೆ ಗೌರತ್ತೆಯೇ ದೊರೆ. ಹಿಟ್ಟಿನ ಮುದ್ದೆ ಆಕೆಯ ಅಂಗೈಗೆ ಸಿಕ್ಕರೆ ಸಾಕು, ತಾನೇ ತಿರುಗುತ್ತಾ ತಿರುಗುತ್ತಾ ಹುಣ್ಣಿಮೆಯ ಚಂದ್ರನಾಗಿಬಿಡುತ್ತಿತ್ತು. ಎಳ್ಳು ಉದುರಿಸಿ, ಹಂಚಿನ ಮೇಲೆ ಬೇಯಿಸಿ, ಒಲೆಯ ಸುತ್ತ ಕೆಂಡದ ಕಾವಿಗೆ ಒರಗಿಸಿಡುವಳು. ಕಾವು ಕುಡಿದು ಕುಡಿದು ರೊಟ್ಟಿ ಹಪ್ಪಳದಂತಾಗುತ್ತಿತ್ತು; ತಿಂಗಳಿಟ್ಟರೂ ಕೆಡುತ್ತಿರಲಿಲ್ಲ. ನಾನು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, “ಇದೇನ್ ಬೇ, ಭೀಮಾ ಹೊಳಿ ತಿರುವಿದ್ದಂಗದ! ಹೋಗ್ಲಿ, ದನಾ ಏನ್ ಆಕಾರ ನೋಡ್ತಾವೇನು” ಎಂದಿದ್ದಳು. ಆಮೇಲೂ ಬಹಳ ದಿನ ನನ್ನ ಕೈ ಹೊಳೆಯ ದಾರಿಯನ್ನೇ ಹಿಡಿದಿತ್ತೆನ್ನಿ. ಮಧ್ಯಾಹ್ನ ಉಂಡ ಮೇಲೆ ಆಕೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಆ ಕೌದಿಗಳನ್ನು ಹೊದ್ದವರೆಲ್ಲ ಬೇರೆಯವರೇ. ಯಾರಾದರೂ ಹಡೆದರೆ ಒಂದು, ಯಾರಾದರೂ ಗಂಡನ ಮನೆಗೆ ಹೊರಟರೆ ಒಂದು.

ಒಂದು ದಿನ ಬಂಡಿಯವರು ಕೆಲವರು ನಮ್ಮ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಅವರ ರೊಟ್ಟಿ ಬೂಸಲು ಹಿಡಿದಿತ್ತು. ಗೌರತ್ತೆ ಒಳಗಿನಿಂದ ಖಡಕ್ ರೊಟ್ಟಿ, ನಂಚಿಕೊಳ್ಳಲು ಕುಟ್ಟಿದ ಶೇಂಗಾ ಹಿಂಡಿ ಕಳಿಸಿದಳು. ಅವರಲ್ಲಿ ಹಿರಿಯನೊಬ್ಬ ತಿಂದು ಕೈ ಝಾಡಿಸಿ, “ಯವ್ವಾ, ಇಂಥಾವು ಸಂತಿಯೊಳಗ ಸಿಕ್ರ ನಮ್ಮಂಥಾ ಬಂಡಿ ಮಂದಿ ಬದುಕ್ತೇವ್ರಿ” ಎಂದು ಹೊರಟುಹೋದ. ಆತನಿಗೆ ಅದು ಉಂಡ ಬಾಯಿಯ ಮಾತು. ಗೌರತ್ತೆಗೆ ಮಾತ್ರ ಅದು ಒಳಗೆಲ್ಲೋ ಹೊಕ್ಕು ಕೂತಿತು. ವಾರ ಕಳೆಯುವುದರೊಳಗೆ ಮಾವ ಊಟಕ್ಕೆ ಕೂತಾಗ ಬಾಗಿಲ ಮರೆಯಲ್ಲಿ ನಿಂತು, “ಅಣ್ಣಾ, ನಾ ಸಂತಿಗೆ ರೊಟ್ಟಿ ಒಯ್ಬೇಕಂತ ಮಾಡೇನಿ” ಎಂದಳು.

ಮಾವನ ಕೈ ತಾಟಿನಲ್ಲೇ ನಿಂತಿತು. “ನಮ್ಮ ಮನಿ ಹೆಣ್ಣಮಗಳು ಸಂತಿಯೊಳಗ ಬುಟ್ಟಿ ಇಟ್ಗೊಂಡು ಕೂಡೂದಾ? ನನ್ನ ಇಜ್ಜತ್ತು ಏನಾಗಬೇಕು? ಈ ಮನಿಯೊಳಗ ನಿನಗೇನ್ ಕಮ್ಮಿ ಮಾಡೇನಿ, ಹೇಳು.”

“ನೀ ಏನೂ ಕಮ್ಮಿ ಮಾಡಿಲ್ಲಣ್ಣಾ. ಉಡಾಕ ಅದ, ಉಣ್ಣಾಕ ಅದ. ಆದ್ರ ಇದು ನಂದು ಅನ್ನಾಕ ಒಂದು ಸೂಜಿ ಸುದ್ದಾ ಇಲ್ಲ ನನಗ.”

ಮಾವ ಅರ್ಧಕ್ಕೇ ಎದ್ದು ಕೈ ತೊಳೆದರು. ಮಾತು ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದೆವು.

ಮಳೆಗಾಲ ಅರ್ಧ ಕಳೆದಿರಬೇಕು, ಲೆವಿಯ ತಕರಾರಿಗಾಗಿ ಮಾವ ಅಫಜಲಪುರದ ಕಚೇರಿಗೆ ಹೊರಟರು. ನಮ್ಮೂರ ಮುಂದಿನ ಭೀಮಾ ಹೊಳೆಯಾಚೆ, ಇಂಗ್ರೇಜಿ ಸರಕಾರದ ದಂಡೆಯ ಊರಲ್ಲಿ ಅಂದೇ ಸಂತೆ. ಅವರ ಬಂಡಿ ಊರ ಅಗಸಿ ಬಾಗಿಲು ದಾಟಿದ್ದೇ ತಡ, ಗೌರತ್ತೆ ಅಟ್ಟದಿಂದ ದೊಡ್ಡ ಬುಟ್ಟಿ ಇಳಿಸಿದಳು. ಅದರ ತುಂಬ ರೊಟ್ಟಿ, ಶೇಂಗಾ ಹೋಳಿಗೆ, ಮಡಿಕೆಯಲ್ಲಿ ಹಿಂಡಿ. ಮೇಲೆ ಮಡಚಿಟ್ಟ ಎರಡು ಕೌದಿ. ಯಾವಾಗ ಮಾಡಿಟ್ಟಳೋ, ಒಂದೇ ಮನೆಯಲ್ಲಿದ್ದ ನನಗೂ ಸುಳಿವಿಲ್ಲ. “ಬರ್ತೀಯೇನ್ ಬೇ, ಇಲ್ಲಾ ನಾ ಒಬ್ಬಾಕೀನೇ ಹೋಗ್ಲಿ?” ಎಂದಳು. ನನಗೆ ಹೆದರಿಕೆ. ಆದರೆ ಸಂತೆ ನೋಡುವ ಆಸೆ ಹೆದರಿಕೆಗಿಂತ ಒಂದು ಗೇಣು ಮುಂದಿತ್ತು. ಗಂಡನ ಮುಖ ನೋಡಿದೆ. ಅವರು ಆಕಾಶ ನೋಡಿದರು. ಅದನ್ನೇ ಒಪ್ಪಿಗೆಯೆಂದುಕೊಂಡು ಹೊರಟೆ.

ಅಂಬಿಗ ನಮ್ಮನ್ನು ಹರಗೋಲಿನಲ್ಲಿ ದಾಟಿಸಿದ. ಸಂತೆಯ ಅಂಚಿನಲ್ಲಿ ಬೇವಿನ ಮರದಡಿ ಬುಟ್ಟಿ ಇಳಿಸಿ ಕೂತೆವು. ಕೂತದ್ದೇನೋ ಸರಿ, ಗೌರತ್ತೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ನೆಲ ನೋಡತೊಡಗಿದಳು. ಮುಚ್ಚಿದ ಬುಟ್ಟಿ, ಮುಚ್ಚಿದ ಮುಖ. ಇಬ್ಬರು ಹೆಂಗಸರು ದಾರಿ ತಪ್ಪಿ ಕೂತಿದ್ದಾರೆಂದು ಜನ ತಿಳಿದಿರಬೇಕು. ಒಬ್ಬಳು ಮುದುಕಿಯಂತೂ ನಿಂತು, “ಯಾರಿಗೆ ಕಾಯಾಕತ್ತೀರವ್ವಾ?” ಎಂದು ಕೇಳಿದಳು. ಬಿಸಿಲು ಏರಿತು. ಗೌರತ್ತೆಯ ಕಣ್ಣಲ್ಲಿ ನೀರು. “ಅಣ್ಣ ಹೇಳಿದ್ದು ಖರೇ ಅದ. ಇದು ನನ್ನ ಕೈಲೆ ಆಗೂದಲ್ಲ. ನಡಿ ಹೋಗೂಣು” ಎಂದಳು.

ನನಗೇನಾಯಿತೋ ಇಂದಿಗೂ ತಿಳಿಯದು. ಗಂಡನ ಹೆಸರಿರಲಿ, ನನ್ನ ಹೆಸರನ್ನೇ ಗಟ್ಟಿಯಾಗಿ ಹೇಳಿದವಳಲ್ಲ ನಾನು. ಎದ್ದು ನಿಂತು, “ಖಡಕ್ ರೊಟ್ಟಿ ಬರ್ರೀ! ಶೇಂಗಾ ಹೋಳಿಗಿ ಬರ್ರೀ!” ಎಂದು ಕೂಗಿದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಮರದ ಮೇಲಿನ ಕಾಗೆಗಳು ಹಾರಿದವು. ಒಬ್ಬ ಬಂದ, ಮುರಿದು ನೋಡಿದ, ತಿಂದ. ಅವನ ಹಿಂದೆ ಮತ್ತೊಬ್ಬ. ಆಮೇಲೆ ಕೈಗಳೇ ಕೈಗಳು. ಗೌರತ್ತೆಯ ಸೆರಗು ಯಾವಾಗ ಹೆಗಲಿಗೆ ಜಾರಿತೋ ಆಕೆಗೇ ಗೊತ್ತಾಗಲಿಲ್ಲ. “ತಡೀರ್ರಿ, ಎಲ್ಲಾರಿಗೂ ಕೊಡ್ತೇನಿ, ಹಿಂಡಿ ಯಾರಿಗೆ ಬೇಕ್ರಿ?” ಎನ್ನುತ್ತಾ ನಗುತ್ತಿದ್ದಳು. ಕೊನೆಗೆ ಉಳಿದ ಕೌದಿಯನ್ನು ತುಂಬಿದ ಬಸುರಿಯೊಬ್ಬಳು ಕೊಂಡು ಎದೆಗವುಚಿಕೊಂಡು ಹೋದಳು. ಗೌರತ್ತೆ ಆಕೆ ಕಣ್ಮರೆಯಾಗುವವರೆಗೂ ನೋಡಿದಳು. ಆಮೇಲೆ ನೇರವಾಗಿ ಸೂಜಿ ಮಾರುವವನ ಬಳಿ ಹೋಗಿ ತನಗೊಂದು ಸೂಜಿಯ ಪೊಟ್ಟಣ, ನನಗೆ ಕೈತುಂಬ ಹಸಿರು ಬಳೆ ಕೊಂಡಳು.

ಹೊಳೆಗೆ ಬಂದರೆ ಹೊಳೆಯೇ ಬೇರೆಯಾಗಿತ್ತು. ನಮ್ಮ ತಲೆಯ ಮೇಲೆ ಮೋಡದ ತುಣುಕಿಲ್ಲ, ಆದರೆ ಮೇಲೆ ಪುಣೆಯ ಕಡೆ ಸುರಿದ ಮಳೆಯೆಲ್ಲ ಕೆಂಪು ನೀರಾಗಿ ಬಂದಿತ್ತು. ಕಟ್ಟಿದ ಹಗ್ಗ ಹರಿದು ನಮ್ಮ ಹರಗೋಲು ಕಣ್ಣೆದುರೇ ತೇಲಿಹೋಯಿತು. “ಇವತ್ತು ಆಗೂದಿಲ್ರಿ ಅವ್ವಾರೆ” ಎಂದು ಅಂಬಿಗ ತನ್ನ ಬೀಗರ ಮನೆಗೆ ಕರೆದೊಯ್ದ. ಅವರು ಉಣ್ಣಲು ನೀಡಿದರು. ನಮ್ಮಿಬ್ಬರಿಗೂ ತುತ್ತು ಇಳಿಯಲಿಲ್ಲ.

ಇತ್ತ ಮಣ್ಣೂರಿನಲ್ಲಿ ಆದದ್ದನ್ನು ನನ್ನ ಗಂಡ ಆಮೇಲೆ ಹೇಳಿದರು. ಸಂಜೆ ಮಾವ ಮರಳುವ ಹೊತ್ತಿಗೆ ಊರ ಕೆಳಗಿನ ಜಾಲಿ ಮೆಳೆಗೆ ಒಂದು ಹರಗೋಲು ಬೋರಲಾಗಿ ಬಂದು ಸಿಕ್ಕಿತ್ತು. ಅದರಲ್ಲಿ ಹೋದವರಾರೆಂದು ಊರಿಗೆಲ್ಲ ಗೊತ್ತು. ಮಾವ ಕೂಗಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ದಂಡೆಗೆ ಹೋಗಿ ಕೂತವರು ಏಳಲೇ ಇಲ್ಲ.

ಬೆಳಿಗ್ಗೆ ನೀರು ಇಳಿಮುಖವಾದಾಗ ಅಂಬಿಗ ಬೇರೊಂದು ಹರಗೋಲು ತಂದ. ನಡುಹೊಳೆಗೆ ಬರುತ್ತಲೇ ದಂಡೆಯ ಮೇಲೆ ರುಮಾಲಿಲ್ಲದ ಬರಿದಲೆಯ ಮನುಷ್ಯನೊಬ್ಬ ಕಂಡ. ಮಾವನನ್ನು ಬರಿದಲೆಯಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಗೌರತ್ತೆ ನನ್ನ ಕೈ ಹಿಸುಕಿ, “ಇನ್ನ ಆ ಮನಿಯೊಳಗ ನನಗ ಜಾಗಿಲ್ಲ ಬೇ” ಎಂದಳು. ಹರಗೋಲು ದಂಡೆ ಮುಟ್ಟುವ ಮೊದಲೇ ಅವರು ಧೋತರ ಸಮೇತ ನೀರಿಗಿಳಿದರು. ಸೊಂಟದ ತನಕ ನೀರಿನಲ್ಲಿ ಬಂದು ಹರಗೋಲಿನ ಅಂಚು ಹಿಡಿದರು. ತಂಗಿಯ ತಲೆ ಮುಟ್ಟಿದರು, ಹೆಗಲು ಮುಟ್ಟಿದರು. ಬೈಗುಳಕ್ಕಾಗಿ ನಾನು ಕಣ್ಣು ಮುಚ್ಚಿಕೊಂಡೆ.

“ಉಂಡೀಯೇನ್ ಬೇ?” ಎಂದರು.

ಗೌರತ್ತೆ ಅಣ್ಣನ ಒದ್ದೆ ಕೈ ಹಿಡಿದುಕೊಂಡಳು. “ನೀ ಉಂಡೀಯೇನಣ್ಣಾ?” ಎಂದಳು.

“ನೀ ಇಲ್ದ ಆ ಮನಿಯೊಳಗ ಯಾರ ಉಣ್ತಾರ?” ಎಂದ ಮಾವ ಆ ನೀರಿನಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟರು. ಗೌರತ್ತೆ ಅತ್ತಳು, ನಾನು ಅತ್ತೆ, ದಂಡೆಯ ಮೇಲೆ ನನ್ನ ಗಂಡನೂ ಬಾಯಿ ತೆರೆದು ಅಳುತ್ತಿದ್ದರು. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತೆ ಹಗುರಾಯಿತು ನೋಡಿ.

ಮನೆಗೆ ಬಂದು ಗೌರತ್ತೆ ಒಲೆ ಹಚ್ಚಿದಳು. ಉಣ್ಣುತ್ತಾ ಮಾವ ತಲೆ ಎತ್ತದೆ ಕೇಳಿದರು, “ಎಲ್ಲಾ ಹೋದ್ವೇನು?”

“ಹೂಂ, ಎಲ್ಲಾ.”

“ಹೋಳಿಗಿ?”

“ಅವೂ ಹೋದ್ವು.”

“ನನಗೊಂದಾದ್ರೂ ಉಳಸಬಾರದೇನು?” ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಹೊಳಿ ದಾಟೂದು ಮಾತ್ರ ಬ್ಯಾಡ. ಅಫಜಲಪುರ ಸಂತಿಗೆ ಬಂಡಿ ಕಟ್ಟಸ್ತೇನಿ” ಎಂದರು.

ಕಟ್ಟಿಸಿದರು. ತಾವೂ ಬರುತ್ತಿದ್ದರು. ನಮ್ಮ ಹತ್ತಿರ ಕೂರುತ್ತಿರಲಿಲ್ಲ. ದೂರದ ದನದ ಸಾಲಿನಲ್ಲಿ ನಿಂತು, ಕೊಳ್ಳದ ಎತ್ತುಗಳ ಹಲ್ಲು ನೋಡುತ್ತಾ ಓರೆಗಣ್ಣಿನಿಂದ ನಮ್ಮ ಬುಟ್ಟಿಯನ್ನೇ ಗಮನಿಸುತ್ತಿದ್ದರು. ವ್ಯಾಪಾರ ಜೋರಾದ ದಿನ ಬಂಡಿಯಲ್ಲಿ ಮಾವ ಗುನುಗುತ್ತಿದ್ದರು. ಗೌರತ್ತೆ ಕೈಲಾಗುವವರೆಗೂ ಸಂತೆ ಮಾಡಿದಳು. ತನ್ನ ಗಳಿಕೆಯಲ್ಲಿ ಬೀಗದ ಪೆಟ್ಟಿಗೆ ಕೊಂಡಳು, ಒಂದು ಎಮ್ಮೆ ಕೊಂಡಳು, ಆ ಎಮ್ಮೆಗೆ ಯಾರೂ ಕೈ ಹಚ್ಚದಂತೆ ನೋಡಿಕೊಂಡಳು.

ಈಗ ಹೊಳೆಗೆ ಸೇತುವೆಯಾಗಿದೆ. ಮೊದಮೊದಲು ಅದನ್ನು ದಾಟುವಾಗ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಮೊನ್ನೆ ಮೊಮ್ಮಗಳ ಜೊತೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಸರಿಸಿ, ಕೆಳಗಿನ ನೀರನ್ನು ಕಣ್ತುಂಬ ನೋಡಿ ಕೈ ಮುಗಿದೆ. “ಅಜ್ಜಿ, ಇಲ್ಲಿ ಯಾವ ದೇವರ ಗುಡಿ ಅದ?” ಎಂದು ಕೇಳಿತು ಹುಡುಗಿ.

“ಗುಡಿ ಇಲ್ಲವ್ವಾ,” ಎಂದೆ. “ಒಮ್ಮೆ ನಮ್ಮ ಮಾವ ಇಲ್ಲಿ ನೀರಾಗ ಇಳಿದು ನಿಂತಿದ್ರು.”