ಲಗ್ನಪತ್ರಿಕೆಗೆ ಇಟ್ಟ ದೃಷ್ಟಿಬೊಟ್ಟು

ನೋಡಿ ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನಿಂದ ಮಗಳ ಲಗ್ನಪತ್ರಿಕೆಯೇ ಮಾಯವಾಗಿತ್ತು. ಮಧ್ಯಾಹ್ನದೊಳಗೆ ಅದನ್ನು ಫ್ಲಾಪಿಗೆ ಹಾಕಿ ನೆಲಮಂಗಲದ ಪ್ರೆಸ್ಸಿಗೆ ಕೊಡದಿದ್ದರೆ, ಸೋಮವಾರ ಶಿವಗಂಗೆಯಲ್ಲಿ ದೇವರ ಮುಂದಿಡಲು ಪತ್ರಿಕೆ ಇರುವುದಿಲ್ಲ. ಫೈಲು ಆರಿಸುವ ಕಿಟಕಿಯಲ್ಲಿ ಉಳಿದದ್ದೆಲ್ಲ ಇದೆ, ಅದೊಂದೇ ಇಲ್ಲ. ಆ ಯಂತ್ರವನ್ನು ಮುಟ್ಟುವವರು ನಾನು ಮತ್ತು ಸೊಸೆ ಸುಜಾತ, ಇಬ್ಬರೇ.

"ಎಲ್ಲಿ ಬಚ್ಚಿಟ್ಟೆ? ನಾದಿನಿ ಮದ್ವೆ ಅಂದ್ರೆ ಹೊಟ್ಟೆಕಿಚ್ಚಾ?" ಎಂದೆ.

"ನಾನ್ಯಾಕೆ ಬಚ್ಚಿಡ್ಲಿ ಅತ್ತೆ? ನಿನ್ನೆ ನೀವೇ ಏನಾದ್ರೂ ಮಾಡಿದ್ರಾ?"

"ಏನಿಲ್ಲ. ಕೆಟ್ಟ ಕಣ್ಣು ಬೀಳ್ದೇ ಇರ್ಲಿ ಅಂತ ಫೈಲಿನ ಹೆಸರಿನ ಮುಂದೆ ಒಂದು ದೃಷ್ಟಿಬೊಟ್ಟು ಇಟ್ಟೆ, ಅಷ್ಟೇ."

ಸುಜಾತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ಅತ್ತೆ, ಇದ್ರಲ್ಲಿ ಹೆಸರಿನ ಮುಂದೆ ಚುಕ್ಕಿ ಇಟ್ರೆ ಫೈಲು ಯಾರ ಕಣ್ಣಿಗೂ ಕಾಣ್ಸಲ್ಲ!"

ಆಮೇಲೆ ಬಚ್ಚಿಟ್ಟದ್ದೂ ಕಾಣುವ ಹಾಗೆ ಆ ಕಿಟಕಿಯನ್ನು ಬದಲಾಯಿಸಿದಳು. ಪತ್ರಿಕೆ ಸಿಕ್ಕಿತು. ಅದರ ಜೊತೆಗೆ ಮುಂದೆ ಚುಕ್ಕಿ ಇಟ್ಟ ಇನ್ನೂ ಹತ್ತಾರು ಹೆಸರುಗಳು ಕಂಡವು.

"ಅವು ಕಂಪ್ಯೂಟರು ತನ್ನ ಕೆಲಸಕ್ಕೆ ತಾನೇ ಇಟ್ಕೊಂಡವು ಅತ್ತೆ" ಎಂದಳು.

ಇರಬಹುದು. ಆದರೆ ನಾನು ಇಟ್ಟದ್ದು ಒಂದೇ ಬೊಟ್ಟು. ಆ ಕಿಟಕಿ ಇನ್ನು ಮೇಲೆ ಹೀಗೇ ಇರಲಿ ಎಂದು ಹೇಳಿದ್ದೇನೆ.