ಮೊದಲೇ ಹಾಕಿದ ಮತ

ಬಸ್ಸು ಎಂಟಕ್ಕೆ ಹೊರಡುವುದಾದರೆ ಏಳಕ್ಕೇ ನಿಲ್ದಾಣದಲ್ಲಿ ನಿಂತು, ಎದುರಿನ ಹೋಟೆಲಿನವನು ಬಾಗಿಲು ತೆಗೆಯುವುದನ್ನು ಮೇಲ್ವಿಚಾರಕನಂತೆ ನೋಡುವುದು ನನ್ನ ಜನ್ಮಜಾತ ದೌರ್ಬಲ್ಯ. ಮದುವೆಮನೆಗೆ ನಾನು ಹೋದಾಗ ಚಪ್ಪರದವರು ಇನ್ನೂ ಗಳ ಕಟ್ಟುತ್ತಿರುತ್ತಾರೆ. ಒಮ್ಮೆ ನನ್ನ ಕೈಗೇ ಹಗ್ಗದ ತುದಿ ಕೊಟ್ಟು, ಸ್ವಲ್ಪ ಎಳೆಯಿರಿ ಎಂದದ್ದೂ ಉಂಟು. ಇದನ್ನು ನಾನು ಶಿಸ್ತೆಂದೂ ನನ್ನ ಹೆಂಡತಿ ರೋಗವೆಂದೂ ಕರೆಯುತ್ತ ಬಂದಿದ್ದೇವೆ. ನೀವು ನಗುತ್ತೀರಿ, ನಗಿ; ಆದರೆ ಅವಳ ಮಾತೇ ನಿಜವೆಂದು ನಾನು ಒಪ್ಪಿಕೊಳ್ಳಬೇಕಾಗಿ ಬಂದ ಸಂಗತಿಯೊಂದಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಯಲಹಂಕದಲ್ಲಿ ಹೈಸ್ಕೂಲ್ ಮೇಷ್ಟ್ರು, ವಾಸ ಕೊಡಿಗೇಹಳ್ಳಿ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಉಪಚುನಾವಣೆ ಬಂದು, ನಮಗೆಲ್ಲ ಮತಗಟ್ಟೆಯ ಕೆಲಸ ಬಿತ್ತು. ಕೆಲಸದ ಮೇಲೆ ಹೋಗುವವರು ತಮ್ಮ ಮತವನ್ನು ಅಂಚೆಯಲ್ಲಿ ಮೊದಲೇ ಕಳಿಸಬಹುದು. ಊರಿಗೆಲ್ಲ ಮೊದಲು ಮತ ಹಾಕುವುದೆಂದರೆ ನನ್ನಂಥವನಿಗೆ ಅದಕ್ಕಿಂತ ದೊಡ್ಡ ಸರ್ಕಾರಿ ಸನ್ಮಾನ ಯಾವುದು? ಬೆಳಿಗ್ಗೆ ಕೈಸೇರಿದ ಮತಪತ್ರಕ್ಕೆ ಗುರುತು ಹಾಕಿ, ಅಧಿಕಾರಿಯೊಬ್ಬರ ಸಹಿ ಮಾಡಿಸಿ, ಲಕೋಟೆ ಅಂಟಿಸಿ ಅಂಚೆಗೆ ಹಾಕಿದ ಮೇಲೆಯೇ ಮಧ್ಯಾಹ್ನದ ಊಟಕ್ಕೆ ಕೂತೆ. ಇದ್ದ ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನ ಜೀಪು ಹಿಂದಿನ ದಿನ ಮೈಕಿನಲ್ಲಿ ಅರಚಿ ನನ್ನ ನಿದ್ದೆ ಕೆಡಿಸಿತ್ತು. ಮತ ಇನ್ನೊಬ್ಬನಿಗೆ ಬಿತ್ತು. ಮಕ್ಕಳಿಗೆ ಪೌರನೀತಿ ಬೋಧಿಸುತ್ತಿದ್ದವನ ವಿವೇಚನೆ ಇಷ್ಟು.

ಮೂರು ದಿನ ಕಳೆಯಿತು. ನಿದ್ದೆ ಕೆಡಿಸಿದ ಆ ಅಭ್ಯರ್ಥಿ ನಮ್ಮೂರಲ್ಲಿ ಸಭೆ ಮಾಡಿ, ತಾನು ಗೆದ್ದರೆ ಈ ವರ್ಷವೇ ಯಲಹಂಕಕ್ಕೆ ಸರ್ಕಾರಿ ಕಾಲೇಜು ತರುತ್ತೇನೆಂದು ಭಾಷೆ ಕೊಟ್ಟ. ಸಭೆಯಿಂದ ನೇರ ನಮ್ಮ ಮನೆಗೆ ಬಂದವರು ಸೈಕಲ್ ಶಾಪಿನ ಗಫಾರ್ ಸಾಬರು. ಅವರ ಮಗಳು ಶಾಹಿದಾ ನನ್ನ ಶಿಷ್ಯೆ; ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಬಂದಿತ್ತು, ಮುಂದೆ ಓದಿ ಟೀಚರಾಗಬೇಕೆಂದು ಅವಳ ಆಸೆ. ಪಟ್ಟಣದ ಕಾಲೇಜೊಂದರ ಅರ್ಜಿ ಸಾಬರ ಜೇಬಿನಲ್ಲೇ ಇತ್ತು, ಕೊಡಲು ಎರಡು ದಿನವಷ್ಟೇ ಉಳಿದಿತ್ತು. ಆದರೆ ಅಲ್ಲಿನ ಫೀಸು, ಪುಸ್ತಕ, ಬಸ್ಸಿನ ಖರ್ಚಿಗೆ ಅಂಗಡಿಯ ಏಳು ಬಾಡಿಗೆ ಸೈಕಲ್ಲುಗಳಲ್ಲಿ ನಾಲ್ಕನ್ನು ಮಾರಬೇಕು. ಯಲಹಂಕದಲ್ಲೇ ಕಾಲೇಜಾದರೆ ಸೈಕಲ್ಲುಗಳೂ ಉಳಿಯುತ್ತವೆ, ಮಗಳೂ ಓದುತ್ತಾಳೆ.

“ನಿಮ್ ಓಟು ಅವ್ರಿಗೇ ತಾನೆ ಮೇಷ್ಟ್ರೇ? ಕಾಲೇಜು ಬರುತ್ತಾ, ಇಲ್ಲಾ ಈ ಅರ್ಜಿ ಕೊಟ್ಬಿಡ್ಲಾ?” ಎಂದು ಕೇಳಿದರು.

ಹಾಕಿಯಾಯಿತು, ಅದೂ ಎದುರಾಳಿಗೆ ಎನ್ನಲು ನಾಲಿಗೆ ಏಳಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಇಲ್ಲದ ಉತ್ಸಾಹ ತಂದುಕೊಂಡು, “ನನ್ ಓಟು ಅವ್ರಿಗೇ ಸಾಬ್ರೇ. ಕಾಲೇಜು ಬಂದೇ ಬರುತ್ತೆ, ಅವಸರ ಮಾಡ್ಬೇಡಿ” ಎಂದುಬಿಟ್ಟೆ. ಜೀವಮಾನದಲ್ಲಿ ನಾನು ಇನ್ನೊಬ್ಬರಿಗೆ ನಿಧಾನವನ್ನು ಬೋಧಿಸಿದ್ದು ಅದೊಂದೇ ಸಲ.

ಆ ಅಭ್ಯರ್ಥಿ ಸೋತ. ಸೋತದ್ದು ನನ್ನ ಒಂದು ಮತದಿಂದಲ್ಲ, ಸಾವಿರಾರು ಮತಗಳಿಂದ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡೆ. ಆದರೆ ಅರ್ಜಿಯ ಗಡುವು ದಾಟಿದ್ದು ನನ್ನ ಒಂದು ಮಾತಿನಿಂದ. ಮರುವರ್ಷ ಒಳ್ಳೆಯ ಸಂಬಂಧ ಬಂತೆಂದು ಶಾಹಿದಾಳ ಮದುವೆ ಮಾಡಿದರು. ಆ ಮದುವೆಗೆ ನಾನು ಎಲ್ಲರ ಊಟ ಮುಗಿದ ಮೇಲೆ ಹೋದೆ.

ಎಂಟು ವರ್ಷವಾದ ಮೇಲೆ ಆರ್.ಟಿ. ನಗರದ ಗಲ್ಲಿಯೊಂದರಲ್ಲಿ ಅವಳೇ ಕೂಗಿ ಕರೆದಳು. ಜಗುಲಿಯ ಮೇಲೆ ಕೂತು ಊದುಬತ್ತಿ ಹೊಸೆಯುತ್ತ, ಸುತ್ತ ಕೂತ ಅಕ್ಕಪಕ್ಕದ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ತಪ್ಪಿದವರನ್ನು ತಿದ್ದುವ ಆ ಮೆಲುದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಅಂಚೆಗೆ ಹಾಕಿದ ಮತ, ಆಮೇಲೆ ಆಡಿದ ಸುಳ್ಳು, ಎಲ್ಲವನ್ನೂ ಹೇಳಿದೆ.

ಅವಳ ಕೈ ನಿಂತಿತು. ಬೈಯಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ಕೈಗೆ ಮೆತ್ತಿದ ಊದುಬತ್ತಿಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, “ಅಬ್ಬಾಗೆ ಮಾತ್ರ ಹೇಳ್ಬೇಡಿ ಸಾರ್. ಊರೆಲ್ಲಾ ಕೈಬಿಟ್ರೂ ಮೇಷ್ಟ್ರು ನಮ್ ಕಡೆ ಇದ್ರು ಅಂತ ಇವತ್ತಿಗೂ ಹೇಳ್ತಿರ್ತಾರೆ” ಎಂದಳು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಹಾದುಹೋಗುವಾಗ ಸಾಬರು ಎಂದಿನಂತೆ ಎದ್ದು ನಿಂತು ಸಲಾಂ ಹೇಳಿದರು. ಅವರಿಗಿಂತ ಮೊದಲು ಕೈಯೆತ್ತಲು ನನ್ನಿಂದ ಆಗಲಿಲ್ಲ.