ತಂತಿ ಬಳಸಿ ಹೋದ ಜಾಗ

ನನ್ನ ಕೆಲಸವನ್ನು ಮಂದಿಗೆ ಹೇಳಿ ತಿಳಿಸುವುದು ಕಷ್ಟ. ಸಾಂಗಲಿಯ ಒಂದು ಆಫೀಸಿನಲ್ಲಿ ಕೂತು ನಾನು ನಕಾಶೆಗೆ ಬಣ್ಣ ಹಚ್ಚುತ್ತೇನೆ. ಗಾಳಿ ಚೆನ್ನಾಗಿ ಬೀಸುವ, ಬಿಸಿಲು ದಂಡಿಯಾಗಿ ಬೀಳುವ ನೆಲಕ್ಕೆ ಹಸಿರು. ಅಲ್ಲಿ ಪವನಚಕ್ಕಿ ನಿಲ್ಲಿಸಬಹುದು, ಸೋಲಾರ್ ಹಾಸಬಹುದು. ಊರು, ಕೆರೆ, ಗುಡಿ, ಅರಣ್ಯ ಇದ್ದಲ್ಲಿ ಕೆಂಪು. ಅಲ್ಲಿ ಏನೂ ಮಾಡುವಂತಿಲ್ಲ. ಆಮೇಲೆ ಹಸಿರಿನಿಂದ ಹಸಿರಿಗೆ, ಕೆಂಪನ್ನು ಮುಟ್ಟದ ಹಾಗೆ, ಕರೆಂಟು ಸಾಗಿಸುವ ದೊಡ್ಡ ತಂತಿಗೆ ದಾರಿ ಹುಡುಕಬೇಕು. ನಮ್ಮವ್ವ ಬದುಕಿದ್ದಾಗ ಯಾರಾದರೂ ಕೇಳಿದರೆ, ಮಗಳು ಕಂಪ್ಯೂಟರಿನಾಗ ರಂಗೋಲಿ ಹಾಕ್ತಾಳ ಅನ್ನುತ್ತಿದ್ದಳು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬಂದಿಲ್ಲ.

ಕರ್ನಾಟಕದ ಗಡಿಗೆ ಹತ್ತಿದ ಜತ್ತ ತಾಲೂಕಿನ ಮೂಡಣ ಭಾಗ ಮೊದಲ ಸಲ ನನ್ನ ಪರದೆಯ ಮೇಲೆ ಬಂದ ದಿನ ನನಗೆ ಸಿಟ್ಟೇ ಬಂದಿತ್ತು. ಸಂಖ ಎಂಬ ಊರಿನ ಆಚೆಗಿನ ಆ ನೆಲದಲ್ಲಿ ನಾನು ಹುಟ್ಟಿ ಬೆಳೆದವಳು. ಉಪಗ್ರಹದಿಂದ ನೋಡಿದರೆ ಅದು ಬರೀ ಕಂದು ಬಣ್ಣ. ಯಂತ್ರ ತನ್ನ ಪಾಡಿಗೆ ತಾನು ಅದಕ್ಕೆ ‘ಬಂಜರು, ಜನವಸತಿ ಇಲ್ಲ’ ಎಂದು ಹೆಸರಿಟ್ಟು ಹಸಿರು ಬಳಿದು ಕೂತಿತ್ತು. ಅಲ್ಲಿ ಒಂದೊಂದು ಬದುವಿಗೆ ಒಂದೊಂದು ಜಗಳವಿದೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು. ಬದುಕಿದವರು ಹೋಗಲಿ, ಸತ್ತವರು ಕೂಡ ಅಲ್ಲೇ ಕೂತಿದ್ದಾರೆ.

ಕೂತಿದ್ದಾರೆ ಎಂದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅವರವರ ಹೊಲದಲ್ಲೇ ಕುಣಿ ತೋಡಿ, ಕೂರಿಸಿ ಮಣ್ಣು ಮಾಡುತ್ತಾರೆ. ಆ ಕುಣಿಯ ಉದ್ದ ಅಗಲಗಳನ್ನು ಸತ್ತವರ ಪಾದದಿಂದಲೇ ಅಳೆಯಬೇಕು. ಜೋಳದ ದಂಟೊಂದನ್ನು ಪಾದದ ಉದ್ದಕ್ಕೆ ಮುರಿದುಕೊಂಡು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಹಾಗಾಗಿ ಒಬ್ಬರ ಕುಣಿ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ತೋಡಿದ ಕುಣಿಯನ್ನು ಖಾಲಿ ಬಿಡಬಾರದು ಎಂಬ ಮಾತೂ ಇದೆ. ಬಿಟ್ಟರೆ ಅದು ಬಾಯಿ ತೆರೆದುಕೊಂಡು ಮನೆಯವರ ಹೆಸರು ಹಿಡಿದು ಕರೆಯುತ್ತದಂತೆ. ಚಿಕ್ಕವಳಿದ್ದಾಗ ಇದನ್ನು ಕೇಳಿ ನಾನು ಹಾಳು ಬಾವಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಹೊಸ ತಂತಿಯ ದಾರಿ ನಮ್ಮ ಚಿಗವ್ವನ ಹೊಲದ ಮೇಲೆ ಹಾದಿತ್ತು. ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಮಕ್ಕಳಿಲ್ಲ. ಗಂಡ ತೀರಿಕೊಂಡು ಹಳ್ಳದ ಆಚೆ, ಮೈದುನನ ಪಾಲಿನ ಹೊಲದಲ್ಲಿ ಹಿರಿಯರ ಜೊತೆ ಕೂತಿದ್ದಾನೆ. ಈಚೆಗಿರುವ ಒಂದು ತುಂಡು ಎರೆ ಹೊಲ, ಒಂದು ಬಾವಿ, ಬಾವಿಯ ಮಗ್ಗುಲಿಗೆ ಒಂದು ಬೇವಿನ ಮರ, ಎರಡು ಖೋಲಿಯ ಮನೆ, ಇಷ್ಟು ಅವಳದು. ಕನ್ನಡ ಸಾಲಿ ಹತ್ತಿರವೆಂದು ಸಣ್ಣವಳಿದ್ದಾಗ ನಾನು ಆ ಮನೆಯಲ್ಲೇ ಇದ್ದೆ. ಸುತ್ತಲಿನವರ ಬಾವಿಗಳೆಲ್ಲ ಬತ್ತಿದರೂ ಅವಳದರಲ್ಲಿ ನೀರು ಇರುತ್ತಿತ್ತು. ಬೇಸಿಗೆ ಬಂತೆಂದರೆ ಇನ್ನಷ್ಟು ಆಳ ಮಾಡಿಸುತ್ತಿದ್ದಳು. ಆ ಬಾವಿ ಹೋದರೆ ಅವಳು ಆ ಹೊಲದಲ್ಲಿ ಒಂದು ವರ್ಷವೂ ಬಾಳುವಂತಿರಲಿಲ್ಲ.

ತಂತಿ ಮೂಲೆ ತಿರುಗುವಲ್ಲಿ ಎಲ್ಲಕ್ಕಿಂತ ದೊಡ್ಡ ಕಂಬ ಬರುತ್ತದೆ. ನಕಾಶೆಯಲ್ಲಿ ಆ ಕಂಬ ಸರಿಯಾಗಿ ಬಾವಿಯ ದಂಡೆಗೆ ಬಿದ್ದಿತ್ತು. ಕಂಬ ನಿಂತ ಮೇಲೆ ಹತ್ತಿರದಲ್ಲಿ ಸಿಡಿಮದ್ದಿನ ತೋಟಾ ಹಾರಿಸಿ ಬಾವಿ ಆಳ ಮಾಡುವಂತಿಲ್ಲ. ಬೇವಿನ ಮರವನ್ನೂ ಕಡಿಯಬೇಕು.

ಊರಿನ ಸಭೆಗೆ ಕಂಪನಿಯ ಸಾಹೇಬರ ಜೊತೆ ನಾನೂ ಹೋಗಿದ್ದೆ. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಗುಡಿ ಇದ್ದಲ್ಲಿ, ಸಮಾಧಿ ಇದ್ದಲ್ಲಿ ನಾವು ಕೈ ಹಾಕುವುದಿಲ್ಲ, ಸುತ್ತ ಒಂದಿಷ್ಟು ಜಾಗ ಬಿಟ್ಟೇ ಹೋಗುತ್ತೇವೆ ಎಂದರು. ಹೆಂಗಸರ ನಡುವೆ ಕೂತಿದ್ದ ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ಸಭೆ ಮುಗಿದ ಮೇಲೆ ಅವಳ ಹೊಲಕ್ಕೆ ಹೋದೆ. ಕಂಬ ಎಲ್ಲಿ ಬರುತ್ತದೆಂದು ತೋರಿಸಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನಿನಗಂತ ಒಂದು ಜಾಗ ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ನಾನು ಗಂಡನ ಮನೆ ಬಿಟ್ಟು ಬಂದವಳು. ಅಪ್ಪ ತೀರಿಕೊಂಡ ಮೇಲೆ ಅವನ ಹೊಲದಲ್ಲಿ ನನಗೆ ಪಾಲು ಬೇಡವೆಂದು ಅಣ್ಣಂದಿರಿಗೆ ಹಕ್ಕುಸೋಡ ಬರೆದುಕೊಟ್ಟಿದ್ದೆ. ನಮ್ಮ ಕಡೆ ಅಕ್ಕತಂಗಿಯರೆಲ್ಲ ಬರೆಯುತ್ತಾರೆ. ಬರೆಯದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಸಾಂಗಲಿಯಲ್ಲಿ ಬಾಡಿಗೆ ಮನೆ ಇದೆಯಲ್ಲ, ಸಾಕು ಎಂದೆ.

“ಅದು ಇರೂ ಜಾಗಾ ಆತು,” ಎಂದಳು ಚಿಗವ್ವ. “ನಾ ಕೇಳಿದ್ದು ಹೋಗೂ ಜಾಗಾ.”

ನಾನು ಚಪ್ಪಲಿ ಬಿಟ್ಟು, ಬಾವಿಯ ನೀರು ಹರಿಯುವ ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಗಾಡಿ ಹತ್ತಿದೆ. ಗಾಡಿ ತಿರುಗುವಾಗ ಕನ್ನಡಿಯಲ್ಲಿ ಕಂಡಿತು: ಚಿಗವ್ವ ಕಾಲುವೆಯ ಕೆಸರಿನ ಮೇಲೆ ಏನನ್ನೋ ಬುಟ್ಟಿ ಬೋರಲು ಹಾಕಿ ಮುಚ್ಚುತ್ತಿದ್ದಳು. ಕೋಳಿಮರಿ ಇರಬೇಕು ಅಂದುಕೊಂಡೆ.

ಮತ್ತೆ ಹೋದದ್ದು ಬೇಸಿಗೆ ಏರಿದ ಮೇಲೆ. ನಕಾಶೆಯಲ್ಲಿ ಹಾಕಿದ ದಾರಿಯನ್ನು ನೆಲದ ಮೇಲೆ ನಡೆದು ತಾಳೆ ನೋಡುವುದಿತ್ತು. ಬೆಳಿಗ್ಗೆ ಊರೊಳಗೆ ಚಹಾಕ್ಕೆಂದು ಇಳಿದಾಗ ಕಟ್ಟೆಯ ಮೇಲಿದ್ದ ಇಬ್ಬರು ಮುದುಕಿಯರು ನನ್ನ ಮುಖ ನೋಡಿ ಸೆರಗನ್ನು ಬಾಯಿಗೆ ಹಿಡಿದರು. ಆಮೇಲೆ ಬಗ್ಗಿ ನನ್ನ ಪಾದ ನೋಡಿದರು. ಆರಾಮ ಇದ್ದೀರೇನು ಎಂದು ಕೇಳಿದರೆ ಉತ್ತರ ಕೊಡಲಿಲ್ಲ. ಚಹಾದವನು ಕಪ್ಪನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಕಂಪನಿಯವಳೆಂದು ಸಿಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಹೊಲಗಳಿಗೆ ಬಂದರೆ ಎಲ್ಲಿ ನೋಡಿದಲ್ಲಿ ಸಮಾಧಿಗಳು. ನಮ್ಮ ಗೂಟ ನೆಟ್ಟಲ್ಲೆಲ್ಲ ಒಂದೊಂದು ಮಣ್ಣಿನ ದಿಬ್ಬ, ಅದರ ಮೇಲೊಂದು ಕಲ್ಲು, ಕಲ್ಲಿಗೆ ವಿಭೂತಿ, ಬಾಡಿದ ಪತ್ರಿ. ಮೊದಲು ನಗು ಬಂತು. ನಾವು ಚಾಪೆಯ ಕೆಳಗೆ ತೂರಿದರೆ ನಮ್ಮೂರವರು ರಂಗೋಲಿಯ ಕೆಳಗೆ ತೂರುವವರೇ. ಆದರೆ ಮಟಮಟ ಮಧ್ಯಾಹ್ನವಾಗುತ್ತಾ ಬಂದಂತೆ ನಗು ಆರಿಹೋಯಿತು. ಗಾಳಿ ಬಿದ್ದುಹೋಗಿತ್ತು. ಗುಡ್ಡದ ಮೇಲಿನ ಪವನಚಕ್ಕಿಗಳು ತಿರುಗುವುದನ್ನು ಬಿಟ್ಟು ನಿಂತಿದ್ದವು. ಹೊಲದಲ್ಲಿ ಒಂದು ಆಳೂ ಇಲ್ಲ, ಕುರಿಯ ಸದ್ದೂ ಇಲ್ಲ. ಸತ್ತವರಿಲ್ಲದ ಸಮಾಧಿಗಳು ಸಾಲು ಹಿಡಿದು ನನ್ನ ಜೊತೆಗೆ ಬರುತ್ತಿರುವಂತೆ ಅನಿಸುತ್ತಿತ್ತು. ಬಿಳೂರಿನವನಾದ ನಮ್ಮ ಡ್ರೈವರ್ ಗಾಡಿಯಿಂದ ಇಳಿಯಲಿಲ್ಲ. ಕಾಲು ನೋವು ಎಂದ.

ಜಾಗದ ವಿವರ ಒತ್ತಿ ದಾಖಲಿಸುವ ಸಣ್ಣ ಯಂತ್ರವನ್ನು ಕೈಯಲ್ಲಿ ಹಿಡಿದು ಒಬ್ಬಳೇ ನಡೆದೆ. ದಿಬ್ಬಗಳ ಗುಟ್ಟು ಬೇಗ ತಿಳಿಯಿತು. ಎಲ್ಲವೂ ಮೇಲಿನ ಮಣ್ಣನ್ನೇ ಕೆರೆದು ಗುಡ್ಡೆ ಹಾಕಿದವು. ಅಡಿಯಲ್ಲಿ ಯಾರೂ ತೋಡಿರಲಿಲ್ಲ. ಕಂಪನಿಗೂ ಸರಕಾರಕ್ಕೂ ಹೆದರದವರು ಖಾಲಿ ಕುಣಿಗೆ ಹೆದರಿದ್ದರು. ‘ಸಮಾಧಿ ಇಲ್ಲ, ಸಮಾಧಿ ಇಲ್ಲ’ ಎಂದು ಒಂದೊಂದಕ್ಕೂ ಒತ್ತುತ್ತಾ ಹೋದೆ. ಕೆಲಸದಲ್ಲಿ ನನಗೆ ದಾಕ್ಷಿಣ್ಯ ಕಡಿಮೆ. ಆದರೂ ಒಂದು ದಿಬ್ಬವನ್ನೂ ನಾನು ದಾಟಿ ಹೋಗಲಿಲ್ಲ. ಪ್ರತಿಯೊಂದನ್ನೂ ಸುತ್ತು ಹಾಕಿಯೇ ಹೋದೆ.

ಚಿಗವ್ವನ ಹೊಲದ ಬದು ಹತ್ತಿದೆ. ಬಾವಿಯ ಮಗ್ಗುಲಿಗೆ, ಕಪ್ಪು ಎರೆ ಮಣ್ಣಿನ ನಡುವೆ ಬೆಳ್ಳಗಿನ ಗುಡ್ಡೆಯೊಂದು ಎದ್ದಿತ್ತು. ಆ ಬಿಳಿ ಗರಸು ಮಣ್ಣು ಮೇಲೆ ಸಿಗುವುದಲ್ಲ. ಆಳಕ್ಕೆ ಹೋದರೆ ಮಾತ್ರ ಬರುವಂಥದು. ಇಲ್ಲಿ ನಿಜವಾಗಿ ತೋಡಿದ್ದರು.

ಮನೆಗೆ ಕೀಲಿ ಬಿದ್ದಿತ್ತು. ಅವಳ ಚಪ್ಪಲಿಗಳು ಗುಡ್ಡೆಯ ಪಕ್ಕ ಇದ್ದವು. ಕೂಗಿದೆ, ಯಾರೂ ಓಗೊಡಲಿಲ್ಲ. ಚಿಗವ್ವ ಹೋಗಿಬಿಟ್ಟಿದ್ದಾಳೆ, ಅಣ್ಣಂದಿರು ನನಗೆ ಸುದ್ದಿ ಮುಟ್ಟಿಸಲಿಲ್ಲ, ಅದಕ್ಕೇ ಬೆಳಿಗ್ಗೆ ಯಾರೂ ನನ್ನ ಜೊತೆ ಮಾತಾಡಲಿಲ್ಲ ಎಂದು ತಲೆಯಲ್ಲಿ ಎಲ್ಲ ಒಮ್ಮೆಲೇ ಕೂಡಿಬಂತು. ಕುಣಿಯ ಮೇಲೆ ಹಾಸುಗಲ್ಲು ಮುಚ್ಚಿದ್ದರು. ಎರಡು ಕಲ್ಲಿನ ನಡುವೆ ಒಂದು ಗೇಣು ಸಂದು ಬಿಟ್ಟಿದ್ದರು. ಅಂಥ ಬಿಸಿಲಿನಲ್ಲೂ ಆ ಸಂದಿನಿಂದ ತಣ್ಣನೆಯ ಗಾಳಿ ಬಂದು ನನ್ನ ಪಾದಕ್ಕೆ ತಾಗುತ್ತಿತ್ತು. ನಾನು ಮೊಣಕಾಲೂರಿ ಕತ್ತಲೆಯೊಳಗೆ ಬಗ್ಗಿ, ಚಿಗವ್ವಾ ಎಂದು ಕರೆದೆ.

“ಅಲ್ಲಿ ಯಾಕ ಕರೀತಿ? ನಾ ಇಲ್ಲಿದ್ದೀನಿ.”

ದನಿ ಹಿಂದಿನಿಂದ ಬಂದಿತ್ತು. ಬಾವಿಯ ಮೆಟ್ಟಿಲು ಹತ್ತಿ ಬಂದ ಚಿಗವ್ವ ಕೊಡ ಇಳಿಸಿ, ಒದ್ದೆ ಕೈಯಿಂದಲೇ ನನ್ನ ಬೆನ್ನು ಸವರಿದಳು. ನಾನು ಅತ್ತೆ, ಆಮೇಲೆ ಅವಳನ್ನು ಬೈದೆ. ಮತ್ತೆ ಈ ಕುಣಿ ಯಾರದು ಎಂದು ಕೇಳಿದೆ. ಅವಳು ಬೇವಿನ ಕೊಂಬೆಗೆ ಸಿಕ್ಕಿಸಿದ್ದ ಜೋಳದ ದಂಟಿನ ತುಂಡೊಂದನ್ನು ತಂದು ನನ್ನ ಕಾಲಿನ ಮುಂದೆ ಇಟ್ಟಳು. ಯಾಕೆ ಹಾಗೆ ಮಾಡಿದೆನೋ ತಿಳಿಯದು, ಚಪ್ಪಲಿ ಬಿಟ್ಟು ಅದರ ಮಗ್ಗುಲಿಗೆ ಪಾದ ಇಟ್ಟೆ. ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಅವತ್ತು ಅವಳು ಬುಟ್ಟಿ ಮುಚ್ಚಿದ್ದು ನನ್ನ ಹೆಜ್ಜೆಗೆ. ಕೆಸರು ಒಣಗಿದ ಮೇಲೆ ಅದರಿಂದ ದಂಟಿನ ಅಳತೆ ತೆಗೆದುಕೊಂಡು, ಆಳು ಹಚ್ಚಿ ತೋಡಿಸಿದ್ದಳು. ಯಾರ ಸಲುವಾಗಿ ಎಂದು ಆಳುಗಳು ಕೇಳಿದರೆ ಸಾಂಗಲಿಯ ಮಗಳ ಸಲುವಾಗಿ ಎಂದಿದ್ದಳು. ಊರು ಅದನ್ನು ಕೇಳಿ ಮುಂದಿನದನ್ನು ತಾನೇ ಕಟ್ಟಿಕೊಂಡಿತ್ತು. ಮುದುಕಿಯರು ನನ್ನ ಪಾದ ಯಾಕೆ ನೋಡಿದರೆಂದು ಆಗ ತಿಳಿಯಿತು. ಸತ್ತು ತಿರುಗುವವರ ಪಾದ ಹಿಂದುಮುಂದಾಗಿರುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬದುಕಿರುವಾಗಲೇ ಕುಣಿ ತೋಡಿಸಿ, ಅದನ್ನೂ ಖಾಲಿ ಬಿಟ್ಟಿದ್ದೀಯಲ್ಲ, ಕರೆದರೆ ಯಾರನ್ನು ಕರೆಯುತ್ತದೆ ಎಂದೆ. ಖಾಲಿ ಬಿಟ್ಟಿಲ್ಲ ಎಂದಳು. ಹೆಜ್ಜೆ ಮೂಡಿದ ಮಣ್ಣನ್ನು, ಹೆಂಚಿನಿಂದ ರೊಟ್ಟಿ ಎತ್ತುವಂತೆ ಒಡೆಯದೆ ಎತ್ತಿ, ಕುಣಿಯ ಒಳಗೆ ಹೆಣ ಕೂರಿಸುವ ಗೂಡಿನಲ್ಲಿ ಇಟ್ಟಿದ್ದಳು. ಹೆಜ್ಜೆಯ ಮಣ್ಣಿನಿಂದ ಮಾಟ ಮಾಡುವವರ ಕತೆಗಳನ್ನು ನಾನು ಅವಳ ತೊಡೆಯ ಮೇಲೆ ಮಲಗಿಯೇ ಕೇಳಿದ್ದೆ. ನನ್ನದೊಂದು ಕಾಲು ಆಗಲೇ ಕೆಳಗಿತ್ತು.

“ಬಾವಿ ಸಲುವಾಗಿ ಮಾಡಿದ್ಯೋ, ನನ್ನ ಸಲುವಾಗಿ ಮಾಡಿದ್ಯೋ?” ಎಂದು ಕೇಳಿದೆ.

“ಒಂದ ಗುದ್ದಲಿಗೆ ಎರಡೂ ಆತು,” ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಯಂತ್ರವನ್ನು ನೋಡಿ, ಸಮಾಧಾನದಿಂದ, ಸಣ್ಣವಳಿದ್ದಾಗ ಮಗ್ಗಿ ಹೇಳಿಕೊಡುತ್ತಿದ್ದ ದನಿಯಲ್ಲಿ ಹೇಳಿದಳು: “ಸುಳ್ಳು ಬರಿ ಅಂತ ನಾ ಅನ್ನಂಗಿಲ್ಲ ಮಗಳ. ಕುಣಿ ಅದ. ಅಳತಿ ಅದ. ಬರಾಕಿನೂ ಇದ್ದಾಳ. ಬರೂದು ಅಷ್ಟ ತಡ.”

ಯಂತ್ರದ ಮೇಲೆ ‘ಸಮಾಧಿ ಇದೆಯೇ’ ಎಂಬ ಪ್ರಶ್ನೆ ಕಾಯುತ್ತಿತ್ತು. ಬೆಳಗಿನಿಂದ ಎಷ್ಟೋ ಮಂದಿಗೆ ಇಲ್ಲ ಎಂದು ಒತ್ತಿ ಬಂದಿದ್ದೆ. ಅವರ ಹೊಲವೂ ಹೊಲವೇ. ಇಲ್ಲಿ ನಾನು ‘ಇದೆ’ ಎಂದು ಒತ್ತಿದ್ದು ಚಿಗವ್ವನೆಂಬ ಮಮತೆಯಿಂದ ಅಲ್ಲ ಎಂದರೆ ಯಾರೂ ನಂಬುವುದಿಲ್ಲ, ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಆ ಸಾಲಿನಲ್ಲಿ ಸುಳ್ಳಲ್ಲದ ಕುಣಿ ಅದೊಂದೇ ಆಗಿತ್ತು. ಅಪ್ಪನ ಹೊಲದಲ್ಲಿ ಇಲ್ಲದ, ಗಂಡನ ಹೊಲದಲ್ಲಿ ಇಲ್ಲದ ಜಾಗ ಅಲ್ಲಿ ನನ್ನ ಪಾದದ ಅಳತೆಗೆ ಸರಿಯಾಗಿ ತಯಾರಾಗಿತ್ತು. ನಾನು ‘ಇದೆ’ ಎಂದು ಒತ್ತಿದೆ. ಯಾರದು ಎಂಬಲ್ಲಿ ‘ಮನೆತನದ್ದು’ ಎಂದು ಬರೆದೆ.

ಆಫೀಸಿನಲ್ಲಿ ಆ ಜಾಗಕ್ಕೆ ಒಂದು ಕೆಂಪು ಚುಕ್ಕೆ ಬಿತ್ತು. ತಂತಿ ಅದನ್ನು ಬಳಸಿ ಕಲ್ಲುಗುಡ್ಡದ ಗಾಯರಾಣದ, ದನ ಮೇಯುವ ಸರಕಾರಿ ನೆಲದ ಕಡೆಗೆ ತಿರುಗಿತು. ಕಂಬಗಳು ಎದ್ದು ನಿಂತವು, ಬಾವಿಯೂ ಬೇವೂ ಉಳಿದವು. ಅಲ್ಲಿಗೆ ಹೋದಾಗಲೆಲ್ಲ ದೂರದ ತಂತಿ ಗುಂಯ್ ಎನ್ನುವುದು ಕೇಳುತ್ತದೆ. ಅಮಾವಾಸ್ಯೆಗೆ ಚಿಗವ್ವ ಕುಣಿಯ ಮೇಲೆ ಎಡೆ ಇಡುತ್ತಾಳೆ. ಶೇಂಗಾ ಹೋಳಿಗೆ, ಅದು ನನಗೆ ಸೇರುತ್ತದೆಂದು. ನಾನು ಊರಲ್ಲಿದ್ದರೆ ಇರುವೆ ಮುತ್ತುವ ಮೊದಲೇ ಎತ್ತಿ ತಿನ್ನುತ್ತೇನೆ. ನನ್ನ ಎಡೆಯನ್ನು ನಾನೇ ತಿನ್ನುವಾಗ ಮೊದಲೆರಡು ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಆಮೇಲೆ ರುಚಿ ಹತ್ತುತ್ತದೆ.

ಮೊನ್ನೆ ತಂತಿಯ ದಾರಿಯ ಹೊಸ ಡ್ರೋನ್ ಚಿತ್ರಗಳು ಬಂದವು. ರೂಢಿಯಂತೆ ಮೊದಲು ಕೆಂಪು ಚುಕ್ಕೆಯ ಹತ್ತಿರ ಹೋಗಿ ದೊಡ್ಡದು ಮಾಡಿ ನೋಡಿದೆ. ಬಿಳಿ ಗುಡ್ಡೆ ಅಲ್ಲೇ ಇತ್ತು. ಅದರ ಮಗ್ಗುಲಿಗೆ, ಮೈಗೆ ಮೈ ತಾಗುವಷ್ಟು ಹತ್ತಿರ, ಇನ್ನೊಂದು ಬಿಳಿ ಗುಡ್ಡೆ ಎದ್ದಿತ್ತು.

ಕೂಡಲೇ ಫೋನ್ ಹಚ್ಚಿದೆ. ಬಹಳ ಹೊತ್ತು ಬಾರಿಸಿದ ಮೇಲೆ ಚಿಗವ್ವನೇ ಎತ್ತಿದಳು. ಅದು ಯಾರದು ಎಂದೆ. ತನ್ನದು ಎಂದಳು. ಹಳ್ಳದ ಆಚೆ ಗಂಡನ ಮಗ್ಗುಲಲ್ಲಿ ನಿನ್ನ ಜಾಗ ಇದೆಯಲ್ಲ ಎಂದೆ.

“ಅವರ ಮಗ್ಗಲದಾಗ ಅವರ ಮಂದಿ ಭಾಳ ಇದ್ದಾರ,” ಎಂದಳು. “ನೀ ಬರೂದು ಇನ್ನಾ ತಡ. ಅಲ್ಲೀತನಕ ನಿನ್ನ ಜಾಗಾ ಕಾಯಾಕ ಒಬ್ಬರರ ಬೇಕಲ್ಲ.”

ಫೋನ್ ಇಟ್ಟೆ. ಆಮೇಲೆ ನಕಾಶೆ ತೆರೆದು, ಆ ಕೆಂಪು ಚುಕ್ಕೆಯನ್ನು ಇಬ್ಬರಿಗೆ ಆಗುವಷ್ಟು ದೊಡ್ಡದು ಮಾಡಿದೆ.